ಗಜನಿ ಕಟ್ಟೆಗೆ ಕಾಂಡ್ಲಾ ಬೇಲಿ: ಕರಾವಳಿಯ ಯುವಕರು ಕೈಗೊಳ್ಳಬಹುದಾದ ಕೆಲಸ

ಕುಮಟಾ ತಾಲೂಕಿನ ಮಾಣಿಕಟ್ಟಾ, ಮಿರ್ಜಾನ, ಹೆಗಡೆ ಮುಂತಾದ ಊರುಗಳ ರೈತನಿಗೆ ಸಮುದ್ರವೆಂದರೆ ದೂರದ ಮಾತಲ್ಲ. ಅವನ ಗದ್ದೆಯ ಅಂಚಿಗೆ ಒಂದು ಕಟ್ಟೆ, ಕಟ್ಟೆಯಾಚೆ ಅಘನಾಶಿನಿ ಹೊಳೆಯ ಉಪ್ಪು ನೀರು. ದಿನಕ್ಕೆ ಎರಡು ಸಲ ಉಬ್ಬರ ಬಂದು ಕಟ್ಟೆಯನ್ನು ಮುಟ್ಟಿ ಹಿಂದೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಉಬ್ಬರದಲ್ಲಿ ಹೊರಗಿನ ನೀರು ಒಳಗಿನ ಗದ್ದೆಯ ಮಟ್ಟಕ್ಕಿಂತ ಮೇಲೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಕಟ್ಟೆ ಒಂದು ಕಡೆ ಬಿರಿದರೂ ಸಾಕು, ಬೆಳಗಾಗುವುದರೊಳಗೆ ಹತ್ತಾರು ಎಕರೆ ಬಿತ್ತನೆ ನೀರುಪಾಲಾಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಈ ಊರುಗಳ ಹೊಳೆದಂಡೆಗೆ ಮತ್ತೊಂದು ಬಗೆಯ ಜನ ಬರತೊಡಗಿದ್ದಾರೆ. ಶಾಲೆಗಳ ಇಕೋ ಕ್ಲಬ್ಬಿನ ಮಕ್ಕಳು, ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು, ಊರಿನ ಯುವಕ ಸಂಘದವರು. ಅವರು ಬರುವುದು ಕಾಂಡ್ಲಾ ಗಿಡ ನೆಡಲು. ಹವಾಮಾನ ಬದಲಾಗುತ್ತಿದೆ, ಕಡಲು ಏರುತ್ತಿದೆ, ತಾವೂ ಏನಾದರೂ ಮಾಡಬೇಕೆಂಬ ಕಳಕಳಿ ಅವರಲ್ಲಿದೆ. ಈ ಕಳಕಳಿ ರೈತನ ಕಟ್ಟೆಯನ್ನು ಕಾಯುವ ಕೆಲಸವಾಗಬಲ್ಲದು. ಒಂದು ದಿನದ ಕೆಸರಾಟವಾಗಿ ಮುಗಿದು ಹೋಗಲೂಬಹುದು. ಎರಡರ ನಡುವಿನ ವ್ಯತ್ಯಾಸವೆಲ್ಲ ಗಿಡ ಎಲ್ಲಿ, ಯಾವಾಗ, ಯಾರ ಒಪ್ಪಿಗೆಯಿಂದ ನೆಡಲಾಯಿತು ಮತ್ತು ನೆಟ್ಟ ಮೇಲೆ ಯಾರು ನೋಡಿಕೊಂಡರು ಎಂಬುದರಲ್ಲಿ ಅಡಗಿದೆ.

ಗಜನಿಯ ಏರ್ಪಾಡು

ನದೀಮುಖದ ತಗ್ಗು ಉಪ್ಪು ನೆಲಕ್ಕೆ ಉತ್ತರ ಕನ್ನಡದಲ್ಲಿ ಗಜನಿ ಎಂಬ ಹೆಸರು. ಗೋವೆಯ ಖಜಾನ, ಕೇರಳದ ಪೊಕ್ಕಾಳಿ ಗದ್ದೆಗಳು ಇದರ ಬಂಧುಗಳೇ. ಮಳೆಗಾಲದಲ್ಲಿ ಮಳೆನೀರು ಉಪ್ಪನ್ನು ತೊಳೆದ ಮೇಲೆ ಇಲ್ಲಿ ಕಗ್ಗ ಭತ್ತವನ್ನು ಮೊಳಕೆ ಬರಿಸಿ ಬಿತ್ತುತ್ತಾರೆ. ಕಗ್ಗವು ಎತ್ತರವಾಗಿ ಬೆಳೆಯುವ, ಕಾಳಿಗೆ ಮುಳ್ಳಿನಂಥ ಮೀಸೆಯುಳ್ಳ, ಉಪ್ಪನ್ನೂ ಕೆಲವು ದಿನಗಳ ಮುಳುಗಡೆಯನ್ನೂ ತಾಳಿಕೊಳ್ಳುವ ತಳಿ. ಇದಕ್ಕೆ ಗೊಬ್ಬರವಿಲ್ಲ, ಔಷಧವಿಲ್ಲ. ಕೊಯ್ಲಿನಲ್ಲಿ ತೆನೆಯ ಭಾಗವನ್ನಷ್ಟೇ ಕೊಯ್ದು ಕೂಳೆಯನ್ನು ಗದ್ದೆಯಲ್ಲೇ ಬಿಡುವುದು ವಾಡಿಕೆ. ಆಮೇಲೆ ತೂಬಿನ ಬಾಗಿಲು ತೆರೆದು ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡರೆ, ಕೊಳೆತ ಕೂಳೆಯೇ ಸಿಗಡಿ, ಮೀನುಗಳಿಗೆ ಮೇವಾಗುತ್ತದೆ. ಒಂದೇ ನೆಲದಲ್ಲಿ ಮಳೆಗಾಲಕ್ಕೆ ಅನ್ನ, ಬೇಸಿಗೆಗೆ ಮೀನು.

ಮೊದಲು ಈ ಕಟ್ಟೆಗಳನ್ನು ರೈತರೇ ಕೂಡಿ ಮಣ್ಣಿನಿಂದ ಕಟ್ಟುತ್ತಿದ್ದರು, ವರ್ಷ ವರ್ಷವೂ ದುರಸ್ತಿ ಮಾಡುತ್ತಿದ್ದರು. ಆ ಮಣ್ಣಿನ ಕಟ್ಟೆಯ ಕಾಲದಲ್ಲಿ ಹೊಳೆಯ ಕಡೆಗೆ ಕಾಂಡ್ಲಾ ಗಿಡಗಳನ್ನು ಉಳಿಸಿಕೊಳ್ಳುವುದು ರೂಢಿಯಲ್ಲಿತ್ತು. ಅಲೆಯ ಹೊಡೆತ ಕಟ್ಟೆಗೆ ನೇರವಾಗಿ ತಾಗಬಾರದೆಂಬುದು ಅದರ ಉದ್ದೇಶ. 1970ರ ದಶಕದಲ್ಲಿ ಸರ್ಕಾರ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಹಲವೆಡೆ ಕಾಯಂ ಕಟ್ಟೆಗಳನ್ನು ಕಟ್ಟಿಸಿತು. ಕಲ್ಲಿನ ಕಟ್ಟೆ ಬಂದ ಮೇಲೆ ಕಾಂಡ್ಲಾ ಬೇಲಿಯ ಅಗತ್ಯ ಮರೆತುಹೋಯಿತು, ಗಿಡಗಳು ಸೌದೆಯಾದವು. ಮುಂದೆ ಸಿಗಡಿ ಸಾಕಣೆಯ ಲಾಭ ಕಂಡ ಮೇಲೆ ಅನೇಕ ಗಜನಿಗಳಲ್ಲಿ ಭತ್ತವೇ ನಿಂತಿತು. 1990ರ ದಶಕದ ನಡುವೆ ಸಿಗಡಿಗೆ ಬಿಳಿಚುಕ್ಕೆ ರೋಗ ಬಂದು ಸಾಕಣೆ ನೆಲಕಚ್ಚಿದಾಗ ಹಲವು ಗಜನಿಗಳು ಭತ್ತವೂ ಇಲ್ಲದೆ, ಸಿಗಡಿಯೂ ಇಲ್ಲದೆ ಪಾಳು ಬಿದ್ದವು. ಬಿತ್ತದ ಗಜನಿಯ ಕಟ್ಟೆಯನ್ನು ಯಾರೂ ನೋಡುವುದಿಲ್ಲ. ನೋಡದ ಕಟ್ಟೆ ಒಡೆಯುತ್ತದೆ. ಒಡೆದ ಕಟ್ಟೆ ಪಕ್ಕದವನ ಗದ್ದೆಯನ್ನೂ ಕೆಡಿಸುತ್ತದೆ. ಈಗಿನ ಪರಿಸ್ಥಿತಿ ಹೆಚ್ಚುಕಡಿಮೆ ಇದು.

ಒಂದು ಗೇಣು ನೀರು

ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಮಂಡಳಿ 2021ರಲ್ಲಿ ಹೊರತಂದ ವರದಿಯ ಪ್ರಕಾರ 1901ರಿಂದ 2018ರವರೆಗೆ ಪ್ರಪಂಚದ ಸಾಗರಗಳ ಸರಾಸರಿ ಮಟ್ಟ ಸುಮಾರು 20 ಸೆಂ.ಮೀ. ಏರಿದೆ. 2006ರಿಂದ 2018ರವರೆಗಿನ ಏರಿಕೆ ವರ್ಷಕ್ಕೆ 3.7 ಮಿ.ಮೀ. ದರದಲ್ಲಿತ್ತು. ಅಂಕಿ ಸಣ್ಣದೆನಿಸಬಹುದು. ಆದರೆ ಕಾರವಾರದ ಕರಾವಳಿಯಲ್ಲಿ ಉಬ್ಬರ ಇಳಿತಗಳ ಅಂತರವೇ ಎರಡು ಮೀಟರಿನೊಳಗೆ. ದೊಡ್ಡ ಉಬ್ಬರಕ್ಕೂ ಕಟ್ಟೆಯ ನೆತ್ತಿಗೂ ನಡುವೆ ಒಂದು ಗೇಣು ಮಾತ್ರ ಅಂತರವಿರುವ ಕಡೆ 20 ಸೆಂ.ಮೀ. ಎಂದರೆ ಆ ಒಂದು ಗೇಣೇ ಸರಿ. ಇದರ ಮೇಲೆ ಗಾಳಿಮಳೆ ಸೇರಿದರೆ ಏನಾಗುತ್ತದೆಂಬುದನ್ನು 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಸವರಿಕೊಂಡು ಹೋದಾಗ ದಂಡೆಯ ಜನ ಕಂಡಿದ್ದಾರೆ.

ಉಪ್ಪಿನ ಲೆಕ್ಕವನ್ನೂ ರೈತರು ತಿಳಿದಿರಬೇಕು. ಮಣ್ಣಿನ ಉಪ್ಪನ್ನು ಹಿಂದೆ ಮಿಲಿಮೋಸ್‌ನಲ್ಲಿ ಹೇಳುತ್ತಿದ್ದರು, ಈಗ ಪರೀಕ್ಷಾ ವರದಿಗಳಲ್ಲಿ ಡೆಸಿಸೀಮೆನ್ಸ್ ಎಂದಿರುತ್ತದೆ. ಅಂಕಿ ಒಂದೇ, ಹೆಸರು ಬೇರೆ. ಸಾಮಾನ್ಯ ಭತ್ತದ ತಳಿಗಳಲ್ಲಿ ಈ ಅಂಕಿ 3 ದಾಟಿದರೆ ಇಳುವರಿ ಕುಗ್ಗತೊಡಗುತ್ತದೆ, 7ರ ಸುಮಾರಿಗೆ ಬಂದರೆ ಅರ್ಧಕ್ಕೆ ಇಳಿಯುತ್ತದೆ. ಕಡಲ ನೀರಿನ ಅಂಕಿ 50ರ ಆಸುಪಾಸು. ಕಗ್ಗವು ಇತರ ತಳಿಗಳಿಗಿಂತ ಹೆಚ್ಚು ಉಪ್ಪು ತಾಳುವುದೇನೋ ನಿಜ. ಆದರೂ ಎಳೆಯ ಸಸಿಯಾಗಿರುವಾಗ ಮತ್ತು ಹೂ ಬಿಡುವಾಗ ಭತ್ತ ಬಹಳ ಸೂಕ್ಷ್ಮ. ಬಿತ್ತಿದ ಹತ್ತು ಹದಿನೈದು ದಿನಗಳಲ್ಲಿ ಕಟ್ಟೆ ಒಡೆದರೆ ಕಗ್ಗವೂ ಉಳಿಯುವುದು ಕಷ್ಟ.

ಕಾಂಡ್ಲಾದ ಕೆಲಸ

ಕಾಂಡ್ಲಾ ಗಿಡದ ಬೇರು, ಕಾಂಡಗಳ ನಡುವೆ ನುಗ್ಗಿದ ಅಲೆ ಬಲಗುಂದುತ್ತದೆ. 100 ಮೀಟರ್ ಅಗಲದ ಕಾಂಡ್ಲಾ ವನವು ಅಲೆಯ ಎತ್ತರವನ್ನು ಶೇಕಡಾ 13ರಿಂದ 66ರವರೆಗೆ ತಗ್ಗಿಸುತ್ತದೆಂದು ಹಲವು ದೇಶಗಳ ಅಳತೆಗಳನ್ನು ಕೂಡಿಸಿ ನೋಡಿದವರು ಹೇಳಿದ್ದಾರೆ. ಗಿಡ ಎಷ್ಟು ಒತ್ತಾಗಿದೆ, ನೀರು ಎಷ್ಟು ಆಳವಿದೆ ಎಂಬುದರ ಮೇಲೆ ಈ ವ್ಯತ್ಯಾಸ. 1999ರ ಅಕ್ಟೋಬರಿನಲ್ಲಿ ಒಡಿಶಾಕ್ಕೆ ಅಪ್ಪಳಿಸಿದ ಮಹಾ ಚಂಡಮಾರುತದಲ್ಲಿ, ಕೇಂದ್ರಪಡ ಜಿಲ್ಲೆಯ ಊರುಗಳ ಪೈಕಿ ಕಡಲಿಗೂ ಊರಿಗೂ ನಡುವೆ ಅಗಲವಾದ ಕಾಂಡ್ಲಾ ವನವಿದ್ದೆಡೆ ಸಾವು ಕಡಿಮೆಯಾಗಿದ್ದವೆಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಹೀಗೆಂದು ಗಜನಿ ಕಟ್ಟೆಯಾಚೆ ನೆಟ್ಟ 10 ಮೀಟರ್ ಅಗಲದ ಗಿಡಸಾಲು ಚಂಡಮಾರುತವನ್ನು ತಡೆಯುತ್ತದೆಂದು ಯಾರೂ ಭಾವಿಸಬಾರದು. ಅದು ಮಾಡುವ ಕೆಲಸ ಬೇರೆ. ದಿನನಿತ್ಯದ ಅಲೆ, ಯಾಂತ್ರಿಕ ದೋಣಿಗಳು ಎಬ್ಬಿಸುವ ತೆರೆ ಮತ್ತು ಮಳೆಗಾಲದ ಹೊಳೆಯ ಸೆಳೆತ ಕಟ್ಟೆಯ ಬುಡವನ್ನು ಕೊರೆಯುವುದನ್ನು ಅದು ನಿಧಾನಗೊಳಿಸುತ್ತದೆ. ಬೇರುಗಳ ನಡುವೆ ಹೂಳು ತಂಗಿ ದಂಡೆ ಗಟ್ಟಿಯಾಗುತ್ತದೆ. ಗಜನಿ ರೈತನಿಗೆ ಬೇಕಾದದ್ದೂ ಇದೇ, ಏಕೆಂದರೆ ಹೆಚ್ಚಿನ ಕಟ್ಟೆಗಳು ಒಂದೇ ದಿನ ಒಡೆಯುವುದಿಲ್ಲ. ವರ್ಷಗಟ್ಟಲೆ ಬುಡ ಸವೆದು ಕೊನೆಗೊಂದು ಉಬ್ಬರದಲ್ಲಿ ಕುಸಿಯುತ್ತವೆ.

ಹವಾಮಾನಕ್ಕೂ ಕಾಂಡ್ಲಾಕ್ಕೂ ಇರುವ ಸಂಬಂಧ ಗಿಡಕ್ಕಿಂತ ಹೆಚ್ಚಾಗಿ ಅದರ ಕೆಳಗಿನ ಕೆಸರಿನಲ್ಲಿದೆ. ಗಾಳಿಯಾಡದ ಆ ಕೆಸರಿನಲ್ಲಿ ಎಲೆ, ಬೇರು ಪೂರ್ತಿ ಕೊಳೆಯದೆ ಶತಮಾನಗಳ ಕಾಲ ಉಳಿಯುತ್ತವೆ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಪ್ರದೇಶದ ಕಾಂಡ್ಲಾ ವನಗಳಲ್ಲಿ ಹೆಕ್ಟೇರಿಗೆ ಸರಾಸರಿ 1,000 ಟನ್ನಿಗೂ ತುಸು ಹೆಚ್ಚು ಇಂಗಾಲವಿದೆಯೆಂದು 2011ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಅದರಲ್ಲಿ ಬಹುಪಾಲು ಮಣ್ಣಿನದು. ಆದುದರಿಂದ ಹಳೆಯ ಕಾಂಡ್ಲಾ ವನವೊಂದನ್ನು ಉಳಿಸಿಕೊಳ್ಳುವುದು ಹೊಸದಾಗಿ ನೆಡುವುದಕ್ಕಿಂತ ಎಷ್ಟೋ ಪಾಲು ಲಾಭದ ಕೆಲಸ. ಗಿಡ ನೆಡುವ ಉತ್ಸಾಹದಲ್ಲಿ ಇದು ಮರೆತುಹೋಗುವುದುಂಟು.

ಕರ್ನಾಟಕದಲ್ಲಿ ಕಾಂಡ್ಲಾ ಇರುವುದೇ ಸ್ವಲ್ಪ. 2021ರ ಭಾರತ ಅರಣ್ಯ ಸ್ಥಿತಿ ವರದಿಯಂತೆ ದೇಶದಲ್ಲಿ 4,992 ಚದರ ಕಿ.ಮೀ. ಕಾಂಡ್ಲಾ ವನವಿದ್ದು, ಅದರಲ್ಲಿ ನಮ್ಮ ರಾಜ್ಯದ ಪಾಲು 13 ಚದರ ಕಿ.ಮೀ. ಅಣೆಕಟ್ಟು ಕಾಣದೆ ಕಡಲು ಸೇರುವ ಅಘನಾಶಿನಿಯ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು. ಅದರ ವಿಸ್ತಾರ 4,801 ಹೆಕ್ಟೇರು. ಕೇಂದ್ರ ಸರ್ಕಾರವು 2023ರ ಜೂನ್ 5ರಂದು ‘ಮಿಷ್ಟಿ’ ಎಂಬ ಕಾಂಡ್ಲಾ ಬೆಳೆಸುವ ಯೋಜನೆಯನ್ನು ಆರಂಭಿಸಿತು. ನಮ್ಮಲ್ಲಿ ಅರಣ್ಯ ಇಲಾಖೆಯು ಹಲವು ವರ್ಷಗಳಿಂದ ಕಾಂಡ್ಲಾ ನೆಡುತೋಪುಗಳನ್ನು ಬೆಳೆಸುತ್ತ ಬಂದಿದೆ. ಅಂದರೆ ಯುವಕರ ಕೆಲಸಕ್ಕೆ ಬೇಕಾದ ಹಿನ್ನೆಲೆಯೂ ಆಸರೆಯೂ ಇದೆ.

ಶ್ರಮ ಎಲ್ಲಿ ಪೋಲಾಗುತ್ತದೆ

ಫಿಲಿಪ್ಪೀನ್ಸ್ ದೇಶದ ಅನುಭವವನ್ನು ಇಲ್ಲಿ ಹೇಳುವುದು ಸೂಕ್ತ. ಅಲ್ಲಿ ಎರಡು ದಶಕಗಳ ಕಾಲ ಅಪಾರ ಹಣ ಸುರಿದು, ಊರವರನ್ನು ಸೇರಿಸಿಕೊಂಡು ಕಾಂಡ್ಲಾ ನೆಟ್ಟರು. 2008ರಲ್ಲಿ ಪ್ರಕಟವಾದ ಪರಿಶೀಲನೆಯ ಪ್ರಕಾರ ಅದರಲ್ಲಿ ದೀರ್ಘಕಾಲ ಉಳಿದದ್ದು ಶೇಕಡಾ 10ರಿಂದ 20 ಮಾತ್ರ. ಕಾರಣ ಸರಳ. ಕೋಡು ಸುಲಭವಾಗಿ ಸಿಗುತ್ತದೆ, ನೆಡುವುದೂ ಸುಲಭ ಎಂದು ಎಲ್ಲೆಲ್ಲೂ ರೈಜೋಫೋರಾ ನೆಟ್ಟರು. ಅದನ್ನೂ ಯಾರದೂ ತಕರಾರಿಲ್ಲದ ಹೊರದಂಡೆಯ ತಗ್ಗು ಕೆಸರಿನಲ್ಲಿ ನೆಟ್ಟರು. ಅಲೆ ತಾಗುವ ಆ ಹೊರ ಅಂಚು ನಿಜವಾಗಿ ಅವಿಸೆನಿಯಾ, ಸೊನರೇಷಿಯಾಗಳ ಜಾಗ. ಸರಿಯಾದ ಜಾಗವೆಲ್ಲ ಅಷ್ಟರಲ್ಲಿ ಮೀನು ಸಾಕುವ ಹೊಂಡಗಳಾಗಿ ಹೋಗಿತ್ತು.

ನಮ್ಮ ಹೊಳೆಗಳಲ್ಲೂ ಇದೇ ತಪ್ಪಿಗೆ ಅವಕಾಶವಿದೆ. ಇಳಿತದಲ್ಲಿ ಬಯಲಾದ ಕೆಸರು ಬಯಲನ್ನು ಕಂಡ ಕೂಡಲೆ ಹೊರಗಿನಿಂದ ಬಂದವರಿಗೆ ಅದು ಖಾಲಿ ಜಾಗವೆನಿಸುತ್ತದೆ. ಅದು ಖಾಲಿಯಲ್ಲ. ಅಘನಾಶಿನಿಯ ಇಂಥ ಬಯಲುಗಳಲ್ಲಿ ಬಳಚು, ಅಂದರೆ ಚಿಪ್ಪುಮೀನು ಬೆಳೆಯುತ್ತದೆ. ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಹೋಗುವ ಹೆಂಗಸರ ಅಂದಿನ ಸಂಪಾದನೆ ಅದು. ಅಲ್ಲಿ ಕೋಡು ಚುಚ್ಚಿದರೆ ಗಿಡವೂ ಬಾಳುವುದಿಲ್ಲ, ಬಳಚಿನ ಹೊಲಕ್ಕೂ ತೊಂದರೆ. ಯುವಕ ಸಂಘದವರು ನೆಡುವ ಮೊದಲು ಈ ಹೆಂಗಸರನ್ನು ಕೇಳಬೇಕು. ಯಾವ ಬಯಲು ಎಷ್ಟು ಹೊತ್ತು ನೀರಿನಡಿ ಇರುತ್ತದೆಂಬುದು ಅವರಿಗೆ ತಿಳಿದಷ್ಟು ಮತ್ತಾರಿಗೂ ತಿಳಿಯದು.

ಇನ್ನೊಂದು ತಪ್ಪು ದಿನಾಂಕದ್ದು. ಜೂನ್ 5 ವಿಶ್ವ ಪರಿಸರ ದಿನ. ಅಂದು ಗಿಡ ನೆಟ್ಟು ಮುಗಿಸುವುದು ಎಲ್ಲೆಡೆಯ ಪದ್ಧತಿ. ಕಾಂಡ್ಲಾದ ಬಹುಪಾಲು ಕೋಡು ಬಲಿತು ಉದುರುವುದು ಮಳೆ ಹಿಡಿದ ಮೇಲೆ. ಜುಲೈ 26ನ್ನು ಯುನೆಸ್ಕೊ ಸಂಸ್ಥೆಯು ಕಾಂಡ್ಲಾ ವನಗಳ ದಿನವೆಂದು 2015ರಲ್ಲಿ ಗೊತ್ತುಪಡಿಸಿದೆ. ಅದು ಬೇರೆ ಕಾರಣದಿಂದ ಆರಿಸಿದ ದಿನವಾದರೂ ನಮ್ಮ ಕರಾವಳಿಗೆ ಹೊಂದುತ್ತದೆ. ಅಂದು ದೊಡ್ಡ ಉಬ್ಬರವೋ ಸಣ್ಣ ಉಬ್ಬರವೋ ಎಂಬುದನ್ನು ಮಾತ್ರ ಪಂಚಾಂಗ ನೋಡಿ ತಿಳಿಯಬೇಕು.

ಹಿರಿಯರ ಆಕ್ಷೇಪಣೆ

ಕಟ್ಟೆಯ ಬಳಿ ಕಾಂಡ್ಲಾ ನೆಡುವ ಮಾತೆತ್ತಿದರೆ ಗಜನಿ ಊರಿನ ಹಿರಿಯರಿಂದ ಬರುವ ಮೊದಲ ಉತ್ತರ, “ಬೇಡ ತಮ್ಮಾ, ಕಾಂಡ್ಲಾ ಎದ್ದರೆ ಗಜನಿ ಹೋಯಿತು.” ಇದನ್ನು ಹಳೆಯ ಕಾಲದವರ ಮೊಂಡುತನವೆಂದು ತಳ್ಳಿಹಾಕುವುದು ಸರಿಯಲ್ಲ. ಪಾಳು ಬಿದ್ದ ಗಜನಿಗಳಲ್ಲಿ, ಕಟ್ಟೆ ಒಡೆದು ಉಬ್ಬರದ ನೀರು ಓಡಾಡಿದ ಕಡೆ, ಕಾಂಡ್ಲಾ ತಾನೇ ಬೆಳೆದು ಗದ್ದೆಯನ್ನು ಮುಚ್ಚಿದೆ. ಕರಾವಳಿ ನಿಯಂತ್ರಣ ವಲಯದ ನಿಯಮಗಳು ಕಾಂಡ್ಲಾಕ್ಕೆ ಬಿಗಿಯಾದ ರಕ್ಷಣೆ ಕೊಟ್ಟಿವೆ. ಹೀಗಾಗಿ ಒಮ್ಮೆ ವನವಾದ ಗದ್ದೆಯನ್ನು ಮತ್ತೆ ಉಳುವುದು ರೈತನ ಕೈಮೀರಿದ ಮಾತಾಗುತ್ತದೆ. ಅಜ್ಜ ಕಟ್ಟಿದ ಗದ್ದೆ ಕಣ್ಣೆದುರೇ ಕಾಡಾಗುವುದನ್ನು ಕಂಡವನ ಅಂಜಿಕೆ ಅದು.

ಆದುದರಿಂದ ಒಂದು ಗೆರೆಯನ್ನು ಎಲ್ಲರೂ ಸೇರಿ ಮೊದಲೇ ಒಪ್ಪಿಕೊಳ್ಳಬೇಕು. ಕಟ್ಟೆಯ ಹೊರಗೆ ಕಾಂಡ್ಲಾ, ಕಟ್ಟೆಯ ಒಳಗೆ ಕಗ್ಗ. ಒಳಗೆ ಒಂದು ಕೋಡನ್ನೂ ಯುವಕರು ನೆಡಬಾರದು. ತೂಬಿನ ಬಾಯಿ, ನೀರು ಹೊರಹೋಗುವ ಕಾಲುವೆ, ದೋಣಿ ತರುವ ದಾರಿ, ಬಲೆ ಹಾಕುವ ಜಾಗ ಇವುಗಳನ್ನು ತೆರವಾಗಿ ಬಿಡಬೇಕು. ಕಟ್ಟೆಯ ಬುಡದಿಂದ 2 ಮೀಟರ್ ಬಿಟ್ಟು ಮೊದಲ ಸಾಲು ಬರಲಿ. ಕಲ್ಲು ಬಿದ್ದಾಗ ದುರಸ್ತಿಗೆ ಆಳು ನಿಲ್ಲಲು ಜಾಗ ಬೇಕು. ಗಜನಿ ರೈತರ ಸಂಘ, ಗ್ರಾಮ ಪಂಚಾಯತಿ, ವಲಯ ಅರಣ್ಯಾಧಿಕಾರಿ ಈ ಮೂವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದು, ಜಾಗದ ನಕ್ಷೆಯೊಂದನ್ನು ಕೈಯಲ್ಲೇ ಬರೆದು ಇಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ತಂಟೆ ಬಂದಾಗ ಆ ಹಾಳೆ ಉಪಯೋಗಕ್ಕೆ ಬರುತ್ತದೆ. ರೈತನ ಮನೆಯ ಹುಡುಗ ಅಥವಾ ಹುಡುಗಿಯೇ ಯುವಕ ಸಂಘದಲ್ಲಿದ್ದರೆ ಈ ಮಾತುಕತೆ ಅರ್ಧ ಹಗುರವಾಗುತ್ತದೆ.

ಜಾಗ ಆರಿಸುವುದು

ಎಲ್ಲಕ್ಕಿಂತ ಮುಖ್ಯವಾದದ್ದು ನೆಲದ ಮಟ್ಟ. ದಿನದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಹೊತ್ತು ನೀರಿನಡಿ ಇರುವ ಕೆಸರು ಕಾಂಡ್ಲಾಕ್ಕೆ ತಕ್ಕದ್ದಲ್ಲ. ಇದನ್ನು ತಿಳಿಯಲು ಯಂತ್ರವೇನೂ ಬೇಡ. ಆರಿಸಿದ ಜಾಗದಲ್ಲಿ ಬಿದಿರಿನ ಗೂಟ ಹೊಡೆದು, ಬುಡಕ್ಕೆ ನೀರು ಮುಟ್ಟಿದ ಹೊತ್ತು, ಬಿಟ್ಟ ಹೊತ್ತು ಎರಡನ್ನೂ ಬರೆದಿಡಬೇಕು. ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಹದಿನೈದು ದಿನ ಹೀಗೆ ಬರೆದರೆ ಜಾಗದ ಸ್ವಭಾವ ಗೊತ್ತಾಗುತ್ತದೆ. ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುವುದರಿಂದ ಒಬ್ಬರಿಂದ ಇದು ಆಗದು, ಪಾಳಿ ಹಾಕಿಕೊಳ್ಳಬೇಕು. ಪ್ರೌಢಶಾಲೆಯ ಮಕ್ಕಳು ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಬಲ್ಲರು.

ಸಮೀಪದಲ್ಲಿ ತಾನಾಗಿ ಬೆಳೆದ ಕಾಂಡ್ಲಾ ಇದ್ದರೆ ಅದೇ ಉತ್ತಮ ಗುರು. ಅಲ್ಲಿಯ ನೆಲದ ಮಟ್ಟಕ್ಕೆ ಸಮನಾದ ಮಟ್ಟದಲ್ಲೇ, ಅಲ್ಲಿರುವ ಜಾತಿಗಳನ್ನೇ ನೆಡಬೇಕು. ಆರಿಸಿದ ಜಾಗದಲ್ಲಿ ಆಗಲೇ ಎಳೆಯ ಸಸಿಗಳು ತಾವಾಗಿ ಎದ್ದಿದ್ದರೆ ನೆಡುವ ಅಗತ್ಯವೇ ಇಲ್ಲ. ದನ ನುಗ್ಗದಂತೆ, ಕಸ ಸಿಕ್ಕದಂತೆ ನೋಡಿಕೊಂಡರೆ ಸಾಕು. ಫೋಟೊ ತೆಗೆಸಿಕೊಳ್ಳಲು ಇದರಲ್ಲಿ ಏನೂ ಇರುವುದಿಲ್ಲ, ಆದರೆ ಗಿಡ ಉಳಿಯುವುದು ಹೀಗೆಯೇ ಹೆಚ್ಚು.

ನೆಡುವ ಕ್ರಮ

ರೈಜೋಫೋರಾ ಜಾತಿಯಲ್ಲಿ ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿಯಂತೆ ಉದ್ದನೆಯ ಕೋಡಾಗಿ ಜೋತಾಡುತ್ತದೆ. ಕೋಡಿನ ತಲೆಯಲ್ಲಿ ಹಣ್ಣಿನ ಕೆಳಗೆ ಹಳದಿ ಮಿಶ್ರಿತ ಉಂಗುರ ಕಂಡರೆ ಅದು ಬಲಿತಿದೆಯೆಂದರ್ಥ. ಎಳೆಯದನ್ನು ಕಿತ್ತರೆ ಪ್ರಯೋಜನವಿಲ್ಲ. ಉದುರಿ ತೇಲಿಬಂದವುಗಳಲ್ಲಿ ತುದಿ ಮುರಿಯದ, ಹುಳು ಕೊರೆಯದ ಕೋಡುಗಳನ್ನು ಆರಿಸಿಕೊಳ್ಳಬಹುದು. ಒಂದೇ ಮರದಿಂದ ಎಲ್ಲವನ್ನೂ ತರಬಾರದು. ತಂದದ್ದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿಟ್ಟು ಆದಷ್ಟು ಬೇಗ ನೆಡಬೇಕು.

ನೆಡಲು ಅಷ್ಟಮಿಯ ಆಸುಪಾಸಿನ ಸಣ್ಣ ಉಬ್ಬರದ ದಿನಗಳು ಒಳ್ಳೆಯವು. ದೊಡ್ಡ ಉಬ್ಬರ ಬರುವುದರೊಳಗೆ ಕೋಡಿಗೆ ಕೆಸರು ಕಚ್ಚಿಕೊಳ್ಳಲು ಒಂದು ವಾರದಷ್ಟು ಬಿಡುವು ಸಿಗುತ್ತದೆ. ಕೋಡಿನ ಚೂಪಾದ ತುದಿ ಕೆಳಗಿರುವಂತೆ, ಉದ್ದದ ಮೂರನೆಯ ಒಂದು ಭಾಗ ಕೆಸರಿನೊಳಗೆ ಹೋಗುವಂತೆ ನೇರವಾಗಿ ಊರಬೇಕು. ಬಲವಂತವಾಗಿ ಚುಚ್ಚಿದರೆ ತುದಿ ಮುರಿಯುತ್ತದೆ. ನೆಲ ಗಟ್ಟಿಯಿದ್ದರೆ ಕೋಲಿನಿಂದ ಮೊದಲು ತೂತು ಮಾಡಿಕೊಳ್ಳಬೇಕು. ಮಕ್ಕಳು ಅನೇಕ ವೇಳೆ ತಲೆಕೆಳಗಾಗಿ ನೆಡುವುದುಂಟು. ಕೆಲಸಕ್ಕೆ ಮುನ್ನ ಒಂದು ಕೋಡನ್ನು ಎಲ್ಲರ ಕೈಗೂ ಕೊಟ್ಟು ತೋರಿಸುವುದು ಲೇಸು.

ಅವಿಸೆನಿಯಾದ ರೀತಿ ಬೇರೆ. ಕೆಸರಿನಿಂದ ಪೆನ್ಸಿಲಿನಂತೆ ಮೇಲೆದ್ದು ನಿಂತ ಉಸಿರುಬೇರುಗಳಿಂದ ಈ ಮರವನ್ನು ಗುರುತಿಸಬಹುದು. ಇದರ ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿದರೆ ತೆಳು ಸಿಪ್ಪೆ ಕಳಚುತ್ತದೆ. ಹೊಳೆಯ ಕೆಸರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಊರಿ, ದಂಡೆಯಲ್ಲಿ ಉಬ್ಬರದ ನೀರು ಮುಟ್ಟುವಲ್ಲಿ ಸಸಿಮಡಿ ಮಾಡಿ, ಒಂದಡಿ ಎತ್ತರವಾದ ಮೇಲೆ ನಾಟಿ ಮಾಡಬೇಕು. ಚೀಲವನ್ನು ತೆಗೆದು ನೆಡುವುದಷ್ಟೇ ಅಲ್ಲ, ಅವನ್ನೆಲ್ಲ ಎಣಿಸಿ ಮರಳಿ ತರಬೇಕು. ಕರಾವಳಿ ಕಾಯಲು ಹೋದವರು ಹೊಳೆಗೆ ಪ್ಲಾಸ್ಟಿಕ್ ಸೇರಿಸಿ ಬಂದ ಹಾಗಾಗಬಾರದು. ಅಲೆ ತಾಗುವ ಹೊರ ಅಂಚಿಗೆ ಅವಿಸೆನಿಯಾ ಮತ್ತು ಸೊನರೇಷಿಯಾ, ಅದರ ಮರೆಯಲ್ಲಿ ರೈಜೋಫೋರಾ ಎಂಬುದು ಸಾಮಾನ್ಯ ನಿಯಮ. ಆದರೂ ಸಮೀಪದ ಹಳೆಯ ವನದಲ್ಲಿ ಕ್ರಮ ಬೇರೆ ಕಂಡರೆ ಅದನ್ನೇ ಅನುಸರಿಸತಕ್ಕದ್ದು.

ಪ್ರಮಾಣವನ್ನು ಶಕ್ತಿಗೆ ತಕ್ಕಂತೆ ಇಟ್ಟುಕೊಳ್ಳಬೇಕು. 200 ಮೀಟರ್ ಉದ್ದದ ಕಟ್ಟೆಗೆ 10 ಮೀಟರ್ ಅಗಲದ ಬೇಲಿಯೆಂದರೆ ಹೆಚ್ಚುಕಡಿಮೆ 20 ಗುಂಟೆ. ಗಿಡದಿಂದ ಗಿಡಕ್ಕೆ, ಸಾಲಿನಿಂದ ಸಾಲಿಗೆ 1.5 ಮೀಟರ್ ಬಿಟ್ಟರೆ ಸುಮಾರು 890 ಗಿಡ ಹಿಡಿಯುತ್ತವೆ. ಸಂಘದಲ್ಲಿ 15 ಜನರಿದ್ದರೆ ಒಬ್ಬೊಬ್ಬರ ಪಾಲಿಗೆ 60 ಗಿಡ. ಇಷ್ಟನ್ನು ಹೆಸರು ಹಿಡಿದು ನೋಡಿಕೊಳ್ಳಬಹುದು. ಹತ್ತು ಸಾವಿರ ಗಿಡ ನೆಡುತ್ತೇವೆಂದು ಹೊರಟವರಿಗೆ ಅದು ಸಾಧ್ಯವಾಗುವುದಿಲ್ಲ.

ಕೆಸರಿಗಿಳಿಯುವವರು ಹಳೆಯ ಬೂಟು ಹಾಕಿಕೊಳ್ಳುವುದು ಅವಶ್ಯ. ಸಿಂಪಿ ಚಿಪ್ಪು ಕಾಲನ್ನು ಆಳವಾಗಿ ಕುಯ್ಯುತ್ತದೆ. ಇಳಿತ ಮುಗಿದು ನೀರು ತಿರುಗುವ ಹೊತ್ತಿಗೆ ಎಲ್ಲರೂ ದಂಡೆಗೆ ಬಂದಿರಬೇಕು. ಹೊಳೆ ಬಲ್ಲ ಮೀನುಗಾರರೊಬ್ಬರು ಜೊತೆಗಿಲ್ಲದೆ ಮಕ್ಕಳನ್ನು ಇಳಿಸತಕ್ಕದ್ದಲ್ಲ.

ನೆಟ್ಟ ಮೇಲಿನ ಮೂರು ವರ್ಷ

ಗಿಡ ಸಾಯುವುದಕ್ಕೆ ಕಾರಣಗಳು ಸಣ್ಣಪುಟ್ಟವು. ತೇಲಿಬಂದ ಪ್ಲಾಸ್ಟಿಕ್ ಮತ್ತು ಹಳೆಯ ಬಲೆಯ ತುಂಡು ಸಸಿಗೆ ಸುತ್ತಿಕೊಂಡು ಪ್ರತಿ ಉಬ್ಬರದಲ್ಲೂ ಅದನ್ನು ಎಳೆಯುತ್ತದೆ. ಪಾಚಿ ಕವಿದು ಬಗ್ಗಿಸುತ್ತದೆ. ಏಡಿ ತೊಗಟೆ ಕತ್ತರಿಸುತ್ತದೆ. ಕಾಂಡಕ್ಕೆ ಚಿಪ್ಪುಹುಳು ಕಟ್ಟಿ ಭಾರವಾಗುತ್ತದೆ. ಅವಿಸೆನಿಯಾದ ಎಲೆ ದನಗಳಿಗೆ ಇಷ್ಟವಾದ ಮೇವಾದ್ದರಿಂದ ಇಳಿತದಲ್ಲಿ ದನ ಇಳಿದರೆ ಒಂದೇ ದಿನದಲ್ಲಿ ಸಾಲು ಬೋಳಾಗುತ್ತದೆ. ಮೊದಲ ಆರು ತಿಂಗಳು ಪ್ರತಿ ದೊಡ್ಡ ಉಬ್ಬರದ ಮರುದಿನ, ಅಂದರೆ ತಿಂಗಳಿಗೆ ಎರಡು ಸಲ, ಅರ್ಧ ದಿನ ಹೋಗಿ ಕಸ ಬಿಡಿಸಿ ಬಂದರೆ ಇವುಗಳಲ್ಲಿ ಹೆಚ್ಚಿನವನ್ನು ತಡೆಯಬಹುದು. ಆಮೇಲೆ ತಿಂಗಳಿಗೊಮ್ಮೆ ಸಾಕು.

ಲೆಕ್ಕವನ್ನು ಮೂರನೆಯ, ಆರನೆಯ ಮತ್ತು ಹನ್ನೆರಡನೆಯ ತಿಂಗಳು, ಬಳಿಕ ವರ್ಷಕ್ಕೊಮ್ಮೆ ತೆಗೆಯಬೇಕು. ನೆಟ್ಟದ್ದೆಷ್ಟು ಎಂಬುದಕ್ಕಿಂತ ಉಳಿದದ್ದೆಷ್ಟು ಎಂಬುದನ್ನೇ ಬರೆದಿಡಬೇಕು. ಸತ್ತ ಗಿಡಗಳು ಒಂದೇ ಕಡೆ ಸೇರಿದ್ದರೆ ಅಲ್ಲಿಯ ಮಟ್ಟ ತಪ್ಪಿದೆಯೆಂದು ತಿಳಿಯಬೇಕು. ಅದೇ ಜಾಗದಲ್ಲಿ ಮತ್ತೆ ಅದೇ ಜಾತಿ ನೆಟ್ಟರೆ ಮತ್ತೆ ಸಾಯುತ್ತದೆ. ಅಲ್ಲಲ್ಲಿ ಬಿಡಿಬಿಡಿಯಾಗಿ ಸತ್ತಿದ್ದರೆ ಮಾತ್ರ ಮುಂದಿನ ಮಳೆಗಾಲದಲ್ಲಿ ತುಂಬಬಹುದು. ತಮಿಳುನಾಡಿನ ಪಿಚ್ಚಾವರಂನಲ್ಲಿ 1990ರ ದಶಕದಲ್ಲಿ ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನವು ಹಾಳಾದ ಕಾಂಡ್ಲಾ ನೆಲಕ್ಕೆ ಮೊದಲು ಕಾಲುವೆ ತೋಡಿ ಉಬ್ಬರದ ನೀರು ಬಂದುಹೋಗುವಂತೆ ಮಾಡಿ, ಆಮೇಲೆ ಗಿಡ ಬೆಳೆಸಿತು. ಅಲ್ಲಿಯ ತೊಂದರೆ ಮೂಲತಃ ನಿಂತ ನೀರಿನದು, ಒಣಗಿ ಕೂತ ಉಪ್ಪಿನದು. ನೀರಿನ ಓಡಾಟ ಸರಿಹೋದದ್ದರಿಂದ ಗಿಡ ಹಿಡಿದವು.

ಗಿಡದ ಜೊತೆಗೆ ಇತರ ಕೆಲಸ

ತಿಂಗಳಿಗೆ ಎರಡು ಸಲ ಹೊಳೆಗೆ ಹೋಗುವ ಯುವಕರು ಅದೇ ದಾರಿಯಲ್ಲಿ ಕಟ್ಟೆಯ ಮೇಲೆ ನಡೆದು ಬಂದರೆ ರೈತರಿಗೆ ದೊಡ್ಡ ಉಪಕಾರ. ಏಡಿಯ ಬಿಲ, ಜಾರಿದ ಕಲ್ಲು, ಒಳಬದಿಯಲ್ಲಿ ಜಿನುಗುವ ನೀರು, ಸರಿಯಾಗಿ ಕೂಡದ ತೂಬಿನ ಹಲಗೆ ಇವುಗಳನ್ನು ಗುರುತು ಮಾಡಿ ಸಂಘಕ್ಕೆ ತಿಳಿಸಬಹುದು. ಬೆರಳು ಹಿಡಿಯುವ ತೂತನ್ನು ಮೇ ತಿಂಗಳಲ್ಲಿ ಒಬ್ಬ ಆಳು ಒಂದು ಬುಟ್ಟಿ ಜೇಡಿಯಿಂದ ಮುಚ್ಚಬಲ್ಲ. ಆಗಸ್ಟಿನಲ್ಲಿ ಅದೇ ತೂತಿಗೆ ಇಡೀ ಊರು ಬೇಕಾಗುತ್ತದೆ.

ಬಾವಿಗಳದ್ದು ಇನ್ನೊಂದು ಕೆಲಸ. ದಂಡೆಯ ಊರುಗಳಲ್ಲಿ ಬೇಸಿಗೆಯಲ್ಲಿ ಬಾವಿ ನೀರು ಸಪ್ಪೆಯಿಂದ ಉಪ್ಪಿಗೆ ತಿರುಗುವುದು ಎಲ್ಲರಿಗೂ ಗೊತ್ತು, ಆದರೆ ಯಾವ ಬಾವಿ, ಯಾವ ತಿಂಗಳು, ಎಷ್ಟು ಎಂಬ ಲೆಕ್ಕ ಸಾಮಾನ್ಯವಾಗಿ ಯಾರ ಬಳಿಯೂ ಇರುವುದಿಲ್ಲ. ಕುಡಿಯುವ ನೀರಿನಲ್ಲಿ ಕ್ಲೋರೈಡು ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕೆಂಬುದು ಭಾರತೀಯ ಮಾನಕ. ಬೇರೆ ನೀರೇ ಇಲ್ಲದಿದ್ದರೆ 1,000ದವರೆಗೆ ನಡೆಯಬಹುದು. ಮಾರ್ಚಿಯಿಂದ ಮೇ ತಿಂಗಳವರೆಗೆ ಆರೆಂಟು ಬಾವಿಗಳ ನೀರನ್ನು ತಿಂಗಳಿಗೊಮ್ಮೆ ಅರ್ಧ ಲೀಟರಿನ ಶುದ್ಧ ಬಾಟಲಿಯಲ್ಲಿ ಹಿಡಿದು, ಬಾವಿಯ ಹೆಸರು ದಿನಾಂಕ ಬರೆದು ಪರೀಕ್ಷೆಗೆ ಕೊಡಬಹುದು. ನಾಲ್ಕೈದು ವರ್ಷದ ಇಂಥ ಲೆಕ್ಕ ಕೈಯಲ್ಲಿದ್ದರೆ ಪಂಚಾಯತಿಯಲ್ಲಿ ಕಟ್ಟೆಯ ದುರಸ್ತಿಗೆ ಹಣ ಕೇಳುವಾಗ ಮಾತಿಗೆ ತೂಕ ಬರುತ್ತದೆ.

ಕೊನೆಯದಾಗಿ ಕಗ್ಗದ ಬೀಜ. ಗಜನಿಗೆ ಭತ್ತ ಮರಳಬೇಕಾದರೆ ಬೀಜ ಉಳಿದಿರಬೇಕು. ಕಗ್ಗ ಬೆಳೆಯುವ ಮನೆಗಳು ಕಡಿಮೆಯಾದಂತೆ ಬೀಜವೂ ವಿರಳವಾಗುತ್ತದೆ. ಎರಡು ವರ್ಷ ಕಟ್ಟೆ ಒಡೆದರೆ ಕೆಲವು ಮನೆಗಳ ಬಿತ್ತನೆ ಪೂರ್ತಿ ಕಳೆದುಹೋಗಬಹುದು. ಯುವಕ ಸಂಘದವರು ಕೊಯ್ಲಿನ ಕಾಲದಲ್ಲಿ ಎರಡು ಮೂರು ಗದ್ದೆಗಳಿಂದ ಒಳ್ಳೆಯ ತೆನೆ ಆರಿಸಿ, ಚೆನ್ನಾಗಿ ಒಣಗಿಸಿ, ಬೇರೆ ಬೇರೆ ಮನೆಗಳಲ್ಲಿ ಕಾಪಿಡುವ ಏರ್ಪಾಡು ಮಾಡಬೇಕು. ಒಂದೇ ಮನೆಯಲ್ಲಿ ಇಟ್ಟರೆ ಇಲಿಗೋ ನೆರೆಗೋ ಒಮ್ಮೆಲೇ ಹೋಗುವ ಭಯವಿದೆ. ಬೀಜವನ್ನು ಪ್ರತಿವರ್ಷ ಬಿತ್ತಿ ಹೊಸದು ಮಾಡಿಕೊಳ್ಳಬೇಕು. ಪಡೆದವರು ಮುಂದಿನ ಕೊಯ್ಲಿನಲ್ಲಿ ಒಂದಕ್ಕೆ ಒಂದೂವರೆ ಪಾಲು ಹಿಂದಿರುಗಿಸುವಂತೆ ಕರಾರು ಇಟ್ಟುಕೊಂಡರೆ ದಾಸ್ತಾನು ತಾನಾಗಿ ಬೆಳೆಯುತ್ತದೆ.

ಕಾಂಡ್ಲಾ ಕೋಡು, ಸಸಿ ಮತ್ತು ಜಾಗದ ಒಪ್ಪಿಗೆಗೆ ಆಯಾ ವಲಯ ಅರಣ್ಯ ಕಚೇರಿಯಲ್ಲಿ ಜೂನ್ ತಿಂಗಳೊಳಗೆ ವಿಚಾರಿಸಬೇಕು. ಗಜನಿ ಮಣ್ಣು ಮತ್ತು ನೀರಿನ ಪರೀಕ್ಷೆ ಕುರಿತು ಉತ್ತರ ಕನ್ನಡದವರು ಶಿರಸಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ತಮ್ಮ ತಾಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಯನ್ನಾಗಲಿ ಸಂಪರ್ಕಿಸಬಹುದು. ಮಣ್ಣಿನ ಮಾದರಿಯನ್ನು ಬಿತ್ತನೆಗೆ ಮೊದಲು ಒಮ್ಮೆ, ಕೊಯ್ಲಾದ ಮೇಲೆ ಉಬ್ಬರದ ನೀರು ಬಿಡುವ ಮುನ್ನ ಒಮ್ಮೆ, ಹೀಗೆ ಎರಡು ಸಲ ತೆಗೆಯತಕ್ಕದ್ದು.